ನೂರಿಪ್ಪತ್ತು ಮೀಟರು

ಮೂರನೆಯ ಸಲವೂ ಹಳದಿ ಜಿಪಿಎಸ್ಸು ಅದನ್ನೇ ಹೇಳಿತು: ನೀನು ಕಲ್ಲಿನ ಹತ್ತಿರವಿಲ್ಲ, ನೂರಿಪ್ಪತ್ತು ಮೀಟರು ಆಚೆಗಿದ್ದೀಯ. ಸರ್ವೇಯರಮ್ಮ ಆ ಕಲ್ಲಿನ ಮೇಲೇ ಕಾಲೂರಿ ನಿಂತಿದ್ದಳು.

ಕಚೇರಿಯ ಹಿತ್ತಿಲಿನ ಆ ಕಲ್ಲಿನ ನೆತ್ತಿಯಲ್ಲಿ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಆ ಜಾಗದ ಸರಿಯಾದ ಅಕ್ಷಾಂಶ-ರೇಖಾಂಶದ ಅಂಕಿ. ಕೊಳ್ಳಲೆಂದು ತರಿಸಿದ ಎರಡು ಹೊಸ ಜಿಪಿಎಸ್‌ಗಳಲ್ಲಿ ಯಾವುದು ವಾಸಿ ಎಂದು ನೋಡಿ ವರದಿ ಕೊಡುವ ಕೆಲಸವನ್ನು ಸಾಹೇಬರು ಅವಳಿಗೆ ಒಪ್ಪಿಸಿದ್ದರು. ಒಂದು ಹಗುರ, ಆದರೆ ಬಿಸಿಲಿನಲ್ಲಿ ಅದರ ಪರದೆ ಕಾಣದು. ಇನ್ನೊಂದಕ್ಕೆ ದಪ್ಪ ಗುಂಡಿಗಳು. ನಡೆದ ದಾರಿಯನ್ನು ಚುಕ್ಕಿ ಚುಕ್ಕಿಯಾಗಿ ತಾನೇ ಬರೆದಿಡುತ್ತದೆ. ಅದೇ ವಾಸಿ ಎಂದು ಬರೆದೂ ಆಗಿತ್ತು. ಎರಡೂ ಬಿಲ್ಲೆಯ ಅಂಕಿಯನ್ನೇ ತೋರಿಸಿದವು. ಆರು ವರ್ಷ ಸೊಂಟಕ್ಕೆ ಕಟ್ಟಿಕೊಂಡು ಅಲೆದ ಹಳದಿಯದನ್ನು ಪಕ್ಕದಲ್ಲಿಟ್ಟದ್ದು ಬರೀ ಜಂಬಕ್ಕೆ. ಹೊಸ ಸೊಸೆಯರ ಮುಂದೆ ನಮ್ಮ ಅತ್ತೆಮ್ಮನೂ ಏನೂ ಕಡಿಮೆಯಿಲ್ಲ ಎಂದು ತೋರಿಸಲು.

ಸೆಟ್ಟಿಂಗು ತೆಗೆದು ನೋಡಿದಳು. ಹಳೆಯ ಕಾಗದದ ನಕ್ಷೆಗಳ ಲೆಕ್ಕಕ್ಕೆ ಹೊಂದಲಿ ಎಂದು ಆರು ವರ್ಷದ ಹಿಂದೆ ತಾನೇ ಕೂರಿಸಿದ್ದ ಅಂಕಿಗಳ ಕ್ರಮ ಹಾಗೇ ಕೂತಿತ್ತು. ಕಚೇರಿಗೆ ಕಂಪ್ಯೂಟರ್ ನಕ್ಷೆ ಬಂದು ಎರಡು ವರ್ಷವಾಗಿತ್ತು, ಅದರ ಲೆಕ್ಕವೇ ಬೇರೆ, ಅದೇ ಜಾಗಕ್ಕೆ ಅದು ಕೊಡುವ ಅಂಕಿಯೂ ಬೇರೆ. ಬದಲಿಸಬೇಕಿದ್ದವಳು ಅವಳು, ಮರೆತವಳೂ ಅವಳೇ. ಹೊಸ ಯಂತ್ರ ಬಂದಾಗಲೆಲ್ಲ ಈ ಕಲ್ಲಿನ ಮೇಲಿಟ್ಟು ಪರೀಕ್ಷಿಸುವುದು ವಾಡಿಕೆ. ಹಳೆಯದನ್ನು ಯಾರೂ ಕೇಳುತ್ತಿರಲಿಲ್ಲ.

ಆಗ ಕೆರೆ ನೆನಪಾಯಿತು. ಹೋದ ತಿಂಗಳು ಕೆರೆಯ ಎಲ್ಲೆ ಗುರುತಿಸಿದ್ದು ಇದೇ ಹಳದಿಯದರಲ್ಲಿ. ಎಲ್ಲೆಗಲ್ಲುಗಳು ಎಂದೋ ಹೂತುಹೋಗಿದ್ದವು. ಕಂಪ್ಯೂಟರ್ ನಕ್ಷೆಯಿಂದ ಅಂಕಿ ಬರೆದುಕೊಂಡು ಹೋಗಿ, ಯಂತ್ರ ಆ ಅಂಕಿ ತೋರಿಸಿದಲ್ಲೆಲ್ಲ ಕೆಂಪು ಬಣ್ಣ ಬಳಿದು ಬಂದಿದ್ದಳು. ಹನ್ನೊಂದು ಮನೆಗಳು ಆ ಗೆರೆಯೊಳಗೆ ಬಿದ್ದು ಕೆರೆಯ ಜಾಗದ ಪಾಲಾಗಿದ್ದವು. ಒತ್ತುವರಿ ಎಂದು ನಾಡಿದ್ದು ಅವನ್ನು ಒಡೆಯುತ್ತಾರೆ.

"ಸರ್, ಕೆರೆಯ ಗೆರೆ ನೂರಿಪ್ಪತ್ತು ಮೀಟರು ಏರಿನ ಕಡೆ ಸರಿದಿದೆ. ತಪ್ಪು ನಂದೇ" ಎಂದಳು ಸಾಹೇಬರ ಮುಂದೆ ನಿಂತು.

ಸಾಹೇಬರು ಎದ್ದು ಬಾಗಿಲು ಮುಚ್ಚಿದರು. "ಹೊಸದನ್ನ ನೋಡಿ ಅಂದ್ರೆ ಹಳೇದನ್ನ ಯಾರಮ್ಮ ನೋಡಿ ಅಂದಿದ್ದು?"

"ಹನ್ನೊಂದು ಮನೆ ಸರ್."

"ಒಡೆಯೋ ಮನೆಗಳ ಪಟ್ಟಿ ಮೇಲಿನವರಿಗೆ ಹೋಗಾಯ್ತು. ನನ್ನ ಸಹಿ ಇದೆ, ಅದರ ಕೆಳಗೆ ನಿಮ್ಮದೂ ಇದೆ. ಈಗ ಬಾಯಿ ಬಿಟ್ರೆ ಇಬ್ಬರೂ ಮನೆಗೆ. ನಿಮ್ಮ ಗುತ್ತಿಗೆ ಕೆಲಸ ಮುಂದುವರಿಸೋ ಕಾಗದ ಇನ್ನೂ ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?" ಆಮೇಲೆ ದನಿ ಇಳಿಸಿದರು. "ಆ ಹಳದಿಯದನ್ನ ಗುಜರಿಗೆ ಹಾಕಿಬಿಡಿ. ಹೊಸದರ ವರದಿ ಮುಗಿಸಿ, ಸಾಕು."

ಮನೆಯಲ್ಲಿ ಅಮ್ಮ, ನಡೆಯಲಾರದ ತಮ್ಮ. ಇಬ್ಬರ ಅನ್ನವೂ ಆ ಕಾಗದದಲ್ಲೇ ಇತ್ತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಅವಳಿಗೆ ಸಾಹೇಬರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ.

ದಪ್ಪ ಗುಂಡಿಗಳ ಹೊಸ ಜಿಪಿಎಸ್ಸನ್ನು ಪರೀಕ್ಷೆಗೆಂದು ಹಿಡಿದು ಕೆರೆಯ ಕಡೆ ನಡೆದಳು. ನಿಮಿಷಕ್ಕೊಮ್ಮೆ ಅದು ಕುಂಯ್ ಎಂದು ಒಂದು ಚುಕ್ಕಿ ಇಡುತ್ತಿತ್ತು. ಸಂಜೆ ಸಾಹೇಬರು ಕಂಪ್ಯೂಟರಿಗೆ ಸಿಕ್ಕಿಸಿದರೆ ಎಲ್ಲಿ ಹೋದಳು, ಎಷ್ಟು ಹೊತ್ತು ನಿಂತಳು ಎಲ್ಲ ಕಾಣುತ್ತದೆ. ಯಂತ್ರ ಆರಿಸಿದರೆ ಆರಿಸಿದ್ದೂ ಕಾಣುತ್ತದೆ. ತಾನು ವರದಿಯಲ್ಲಿ ಹೊಗಳಿದ್ದ ಗುಣವೇ ಈಗ ಬೆನ್ನಿಗೆ ಬಿದ್ದಿತ್ತು.

ನಿಜವಾದ ಎಲ್ಲೆ ಕೆಳಗೆ ಜೊಂಡಿನ ನಡುವೆ ಸಿಕ್ಕಿತು. ಅಲ್ಲಿಂದ ತಲೆ ಎತ್ತಿದರೆ ಏರಿನ ಮೇಲೆ ಆ ಹನ್ನೊಂದರಲ್ಲಿ ಒಂದಾದ ಟೈಲರಕ್ಕನ ಮನೆ, ಗೋಡೆಯ ಮೇಲೆ ತಾನೇ ಬಳಿದ ಕೆಂಪು ಪಟ್ಟೆ.

ಟೈಲರಕ್ಕ ಮನೆ ಖಾಲಿ ಮಾಡಲೆಂದು ನೆಲದಲ್ಲಿ ಕೂತು ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲು ಬಿಚ್ಚುತ್ತಿದ್ದಳು. "ಬಾ ತಂಗಿ. ಮತ್ತೆ ಅಳತೆನಾ? ನಾವು ಅಳೆದು ಕತ್ತರಿಸೋ ಜನ. ನಿಮ್ಮಲ್ಲಿ ಕತ್ತರಿಸಿದ ಮೇಲೆ ಅಳೀತಾರೇನು?" ಎಂದು ನಕ್ಕಳು. ಗಂಟಿನೊಳಗಿಂದ ಒಂದು ಕೋಟು ಎಳೆದಳು. "ಹೋದ ಸಲ ಜೇಬು ಹರಿದಿದೆ ಅಂತ ಕೊಟ್ಟು ಹೋಗಿದ್ಯಲ್ಲ, ತಗೋ. ನಿನ್ನ ಯಂತ್ರ ಜಾರದ ಹಾಗೆ ಒಳಗೆ ಇನ್ನೊಂದು ಪದರ ಕೊಟ್ಟಿದೀನಿ."

ಸರ್ವೇಯರಮ್ಮ ಕೈ ಚಾಚಲಿಲ್ಲ.

"ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಕಣೇ. ಯಂತ್ರ ಹೇಳಿತು, ನೀನು ಬಳಿದೆ. ನೀನಾದ್ರೂ ಏನು ಮಾಡ್ತೀಯ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೋಟನ್ನು ತೆಗೆದುಕೊಂಡು ತೊಟ್ಟಳು. ಯಂತ್ರ ಹೊಸ ಜೇಬಿನಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಕುಂಯ್ ಎಂದಿತು.

"ಅಕ್ಕ, ಆ ಕಾಲು ಮತ್ತೆ ಜೋಡಿಸಿ."

"ಯಾಕೆ?"

"ಗೆರೆ ತಪ್ಪಿದೆ ಅಕ್ಕ, ತಪ್ಪು ನಂದೇ." ಅವಳು ನೆಲದ ಮೇಲೆ ಕೂತು, ಟೈಲರಕ್ಕನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಮೊದಲ ನಟ್ಟನ್ನು ತಾನೇ ಬಿಗಿಯತೊಡಗಿದಳು. ಜೇಬಿನೊಳಗೆ ಇನ್ನೊಂದು ಚುಕ್ಕಿ ಬಿತ್ತು, ಅದೇ ಜಾಗದಲ್ಲಿ. ಅದರ ಮೇಲೆ ಮತ್ತೊಂದು.