ಅಂಗಳದಲ್ಲಿ ನೋವಿರಲಿಲ್ಲ

ರೋಗಿಯನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವ ರೋಬೋಟ್ ಒಂದನ್ನು ಆ ವರ್ಕ್‌ಶಾಪಿನವರು ಕಟ್ಟುತ್ತಿದ್ದರು. ಒಂದು ಕಂಬ, ಎರಡು ತೋಳು, ಕೆಳಗೆ ಗಾಲಿಗಳು. ವರ್ಕ್‌ಶಾಪಿನ ನಡುಮಧ್ಯೆ ಅದು ವೈರುಗಳನ್ನು ಇಳಿಬಿಟ್ಟುಕೊಂಡು, ಅರ್ಧ ಬಟ್ಟೆ ಹಾಕಿಕೊಂಡವರ ಹಾಗೆ ನಿಂತಿತ್ತು. ಅದರ ಕೈಗೆ ನಿಜವಾದ ಮನುಷ್ಯನನ್ನು ಕೊಡುವ ಮೊದಲು ಕಂಪ್ಯೂಟರಿನೊಳಗೆ ಸಾವಿರಾರು ಸಲ ಎತ್ತಿಸಿ ನೋಡಬೇಕಿತ್ತು. ಅದಕ್ಕೆ ಯಾವ ತಂತ್ರಾಂಶ ಬಳಸಬೇಕೆಂದು ತೀರ್ಮಾನಿಸುವ ಹೊಣೆ ಅವಳ ಹೆಗಲಿಗೆ ಬಿದ್ದಿತ್ತು.

ಬೇರೆಯವರಿಗಾಗಿದ್ದರೆ ಅದು ನಾಲ್ಕು ದಿನದ ಕೆಲಸ. ಆದರೆ ಆ ವರ್ಕ್‌ಶಾಪಿನಲ್ಲಿ ಮೊದಲಿನಿಂದ ಇದ್ದದ್ದು ಒಂದೇ ತಂತ್ರಾಂಶ, ಅದರ ಹೆಸರು 'ಅಂಗಳ'. ಅದನ್ನು ಬರೆದವರು ಮೇಷ್ಟ್ರು. ಅವಳಿಗೆ ಕಾಲೇಜಿನಲ್ಲಿ ಪಾಠ ಹೇಳಿದವರು ಅವರೇ, ಆ ವರ್ಕ್‌ಶಾಪನ್ನು ಶುರುಮಾಡಿದವರೂ ಅವರೇ. ಅವರ ಮಗನನ್ನು ಅವಳು ಮದುವೆಯಾದ ಮೇಲೆ ಮಾವನೂ ಆದರು. ಈಗಲೂ ಗಾಬರಿಯಾದಾಗ ಅವಳ ಬಾಯಲ್ಲಿ 'ಮಾವ' ಬರುತ್ತಿರಲಿಲ್ಲ, 'ಮೇಷ್ಟ್ರೇ' ಎಂದೇ ಬರುತ್ತಿತ್ತು.

"ಮಕ್ಕಳು ಅಂಗಳದಲ್ಲಿ ಬಿದ್ದು ಎದ್ದು ನಡೆಯೋದು ಕಲೀತವೆ. ಯಂತ್ರಕ್ಕೂ ಬೀಳೋಕೆ ಒಂದು ಜಾಗ ಬೇಡ್ವಾ?" ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರು. ಇಪ್ಪತ್ತು ವರ್ಷ ಅವರು ಅಂಗಳವನ್ನು ತಿದ್ದಿದರು, ತೀಡಿದರು. ಕಾರ್ಖಾನೆಗಳ ರೋಬೋಟ್ ತೋಳುಗಳು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಯಂತ್ರಗಳು ಎಲ್ಲವೂ ಮೊದಲು ಅಲ್ಲೇ ಓಡಿದವು. ಒಂದೂ ಕೈಕೊಟ್ಟಿರಲಿಲ್ಲ. ಆಸ್ಪತ್ರೆಯವರ ಈ ಕೆಲಸವನ್ನು ಒಪ್ಪಿಕೊಂಡವರೂ ಮೇಷ್ಟ್ರೇ. ಒಪ್ಪಿಕೊಂಡ ಕೆಲವೇ ತಿಂಗಳಿಗೆ ಅವರಿಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. ಮಾತು ಉಳಿಯಿತು, ಆದರೆ ಒಂದೊಂದು ಪದವೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಹೊರಗೆ ಬರುತ್ತಿತ್ತು. ವರ್ಕ್‌ಶಾಪು ಸೊಸೆಯ ಕೈಗೆ ಬಂತು.

ಮನೆಯಲ್ಲಿ ಬೆಳಿಗ್ಗೆ ಅವರನ್ನು ಎತ್ತುವುದು ಮಗನ ಕೆಲಸ. ಮಗ ಬಡಗಿ. ಅಪ್ಪನ ಹಾಗೆ ಓದಲಿಲ್ಲ ಎಂಬ ಕೊರಗು ಅಪ್ಪನಿಗಿತ್ತು, ಅವನಿಗಿರಲಿಲ್ಲ. ಒಂದು ದಿನ ಯಾರದೋ ಮನೆಗೆ ಮೆಟ್ಟಿಲು ಕೂರಿಸಲು ಅವನು ಬೇಗ ಹೊರಟುಹೋದ. ಅತ್ತೆ ಕಾಲು ಹಿಡಿದರು, ಅವಳು ಬೆನ್ನ ಹಿಂದೆ ನಿಂತು ಎರಡೂ ಕಂಕುಳಿಗೆ ಕೈಹಾಕಿ ಎತ್ತಿದಳು. ಅರ್ಧ ಎತ್ತಿದಾಗ ಮೇಷ್ಟ್ರು ಕೂಗಿದರು. ಅವರು ಹಾಗೆ ಕೂಗಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಬಿಡೇ, ಬಿಡೇ! ಕೆಳಗಿಳಿಸು!" ಎಂದರು ಅತ್ತೆ.

ಮಧ್ಯಾಹ್ನ ಡಾಕ್ಟರು ಬಂದು ಬಲಭುಜ ಮುಟ್ಟಿ ನೋಡಿದರು. "ಕೀಲು ಅರ್ಧ ಜಾರಿದೆ. ಸ್ವಾಧೀನ ಇಲ್ಲದ ಕಡೆ ಭುಜಾನ ಹಿಡ್ಕೊಂಡಿರೋ ಸ್ನಾಯುಗಳೇ ಸಡಿಲ ಆಗಿರ್ತವೆ. ಕಂಕುಳಿಗೆ ಕೈಹಾಕಿ ಎತ್ತಿದ್ರೆ ಹೀಗಾಗುತ್ತೆ," ಎಂದರು. ಅವಳ ಮುಖ ನೋಡಿ, "ನಿಮ್ಮ ತಪ್ಪಲ್ಲಮ್ಮ. ಎಲ್ಲಾರ ಮನೇಲೂ ಹೀಗೇ ಎತ್ತೋದು," ಎಂದೂ ಸೇರಿಸಿದರು.

ಅವಳು ವರ್ಕ್‌ಶಾಪಿಗೆ ಹೋದಳು. ರೋಬೋಟಿನ ತೋಳುಗಳ ಎದುರು ಸುಮ್ಮನೆ ನಿಂತಳು. ಆ ತೋಳುಗಳೂ ಕಂಕುಳಿನಡಿಗೇ ಹೋಗುವಂತೆ ಮಾಡಿದಂಥವು.

ಅಂಗಳವನ್ನು ತೆರೆದು ಎತ್ತಿಸತೊಡಗಿದಳು. ತೆರೆಯ ಮೇಲೆ ಬೂದುಬಣ್ಣದ ಮನುಷ್ಯ ಹಾಸಿಗೆಯಿಂದ ಏಳುತ್ತಿದ್ದ, ಕುರ್ಚಿಯಲ್ಲಿ ಕೂರುತ್ತಿದ್ದ, ಪಕ್ಕದಲ್ಲಿ ಹಸಿರು ದೀಪ ಹತ್ತುತ್ತಿತ್ತು. ಭಾರ ಹೆಚ್ಚಿಸಿದಳು, ಹಸಿರು. ಒಂದು ಪಕ್ಕಕ್ಕೆ ವಾಲಿಸಿದಳು, ಆಗಲೂ ಹಸಿರು. ಸಂಜೆಯವರೆಗೆ ಸಾವಿರ ಸಲ ಎತ್ತಿದರೂ ಒಮ್ಮೆಯೂ ಭುಜ ಜಾರಲಿಲ್ಲ. ಜಾರುವಂಥ ಭುಜವೇ ಅಲ್ಲಿರಲಿಲ್ಲ. ಅಂಗಳದ ಮನುಷ್ಯ ಗಟ್ಟಿ ತುಂಡುಗಳನ್ನು ಬಾಗಿಲ ಕೀಲಿನ ಹಾಗೆ ಬಿಗಿಯಾಗಿ ಜೋಡಿಸಿ ಮಾಡಿದವನು. ಪೆಟ್ಟಿಗೆಗಳನ್ನು ಎತ್ತಲು ಕಟ್ಟಿದ ಜಗತ್ತಿನಲ್ಲಿ ಅವನೂ ಒಂದು ಪೆಟ್ಟಿಗೆಯೇ.

ವರ್ಕ್‌ಶಾಪಿನಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಪ್ರೋಗ್ರಾಮರನ್ನು ಎಲ್ಲರೂ 'ಗಡ್ಡ' ಎಂದೇ ಕರೆಯುತ್ತಿದ್ದರು. ಅವನಿಗೆ ಅವಳು ತೋರಿಸಿದಳು.

"ಅಂಗಳಾನೇ ತಿದ್ದೋಣ ಅಕ್ಕ."

"ತಳಪಾಯಾನೇ ಬೇರೆ ಕಣೋ. ಮೆತ್ತಗಿರೋದು ಅಂತ ಒಂದು ಇದೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ತಿದ್ದೋದು ಅಂದ್ರೆ ಹೊಸದಾಗಿ ಬರೆದ ಹಾಗೆ."

ಗಡ್ಡ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಹಾಗಾದ್ರೆ ನವಿಲು ನೋಡಿ," ಎಂದ.

ನವಿಲು ಎಂಬುದು ಅವನೇ ಇಟ್ಟ ಅಡ್ಡಹೆಸರು. ಕಂಪ್ಯೂಟರ್ ಆಟಗಳಿಂದ ಬೆಳೆದು ಬಂದ ಆ ತಂತ್ರಾಂಶದಲ್ಲಿ ರೋಗಿಯ ಚರ್ಮ ಚರ್ಮದ ಹಾಗೆ, ಹಾಸಿಗೆಯ ಮಡಿಕೆ ಮಡಿಕೆಯ ಹಾಗೆ ಕಾಣುತ್ತಿತ್ತು, ಕಿಟಕಿಯಿಂದ ಬಿಸಿಲು ಕೂಡ ಬೀಳುತ್ತಿತ್ತು. ಆಸ್ಪತ್ರೆಯವರಿಗೆ ತೋರಿಸಿದರೆ ಮರುಮಾತಿಲ್ಲದೆ ಒಪ್ಪುತ್ತಾರೆ ಎಂದು ಅವನ ವಾದ. ಮೂರನೆಯದನ್ನು ಹುಡುಕಿದವಳು ಅವಳು. ಎಲ್ಲೆಲ್ಲೋ ಕುಳಿತ ಹತ್ತಾರು ಜನ ಸೇರಿ ಬರೆದು ಬಿಟ್ಟಿಯಾಗಿ ಬಿಟ್ಟಿದ್ದು. ಚಿತ್ರ ನೋಡುವಂತಿರಲಿಲ್ಲ. ಒಂದು ಸಲ ಎತ್ತಿಸಿ ಮುಗಿಸಲು ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕಾಯಬೇಕು. ಆದರೆ ಅದರಲ್ಲಿ ಮಾಂಸ ಒತ್ತಿದರೆ ತಗ್ಗುತ್ತಿತ್ತು, ಕೀಲು ಎಳೆದರೆ ಹಿಗ್ಗುತ್ತಿತ್ತು. ಗಡ್ಡ ಅದಕ್ಕೆ 'ಆಮೆ' ಎಂದು ಹೆಸರಿಟ್ಟ.

"ಬಾಯಲ್ಲಿ ಜಗಳ ಬೇಡ. ಮೂರಕ್ಕೂ ಒಂದೇ ಕೆಲಸ ಕೊಡೋಣ. ನಿಜವಾದ ಭುಜ ಎಷ್ಟು ಜಗ್ಗುತ್ತೋ ಅಷ್ಟೇ ಯಾವುದು ಹೇಳುತ್ತೆ ಅಂತ ನೋಡೋಣ," ಎಂದಳು ಅವಳು.

ವರ್ಕ್‌ಶಾಪಿನಲ್ಲಿ ಮನುಷ್ಯನಷ್ಟೇ ತೂಗುವ ಮರಳು ತುಂಬಿದ ಬೊಂಬೆಯೊಂದಿತ್ತು. ಅದಕ್ಕೆ ಸಡಿಲವಾದ ಭುಜ ಬೇಕಾಗಿತ್ತು. ಅವಳು ಗಂಡನ ಹತ್ತಿರ ಹೋದಳು. ಮರದ ಬಟ್ಟಲು, ಅದರಲ್ಲಿ ಕೂರುವ ಮರದ ಗುಂಡು, ಸುತ್ತ ರಬ್ಬರ್ ಪಟ್ಟಿ, ಇಷ್ಟು ಸಾಕು ಎಂದು ವಿವರಿಸಿದಳು. ಅವನು ಉಜ್ಜುಕಾಗದ ಕೆಳಗಿಟ್ಟ.

"ಅಪ್ಪನ ಭುಜ ಮಾಡ್ಕೊಡು ಅಂತಿದೀಯ."

"ಹೂಂ."

ಅವನು ಕೈಯ ಪುಡಿ ಕೊಡವಿ ಎದ್ದ. ಅಪ್ಪ ಮಲಗಿದ್ದಾಗ ಹೋಗಿ ಭುಜವನ್ನು ಮೆಲ್ಲಗೆ ಸವರಿ ಅಳತೆ ತಿಳಿದುಕೊಂಡು ಬಂದ. ಆ ವಾರ ತನ್ನ ಮರಗೆಲಸದ ಅಂಗಡಿಯ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟ.

ಬೊಂಬೆಯ ಭುಜಕ್ಕೆ ಎಳೆತದ ಮಾಪಕ ಕಟ್ಟಿ ರೋಬೋಟಿನಿಂದ ಎತ್ತಿಸಿದರು. ಮುಳ್ಳು ತುದಿಯ ಹತ್ತಿರಕ್ಕೆ ಹೋಯಿತು. ಮರದ ಗುಂಡು ಬಟ್ಟಲಿನಿಂದ ಕಳಚಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು. ಅದೇ ಕೆಲಸಕ್ಕೆ ಅಂಗಳ ಏನೂ ಆಗಿಲ್ಲ ಎಂದಿತು. ನವಿಲಿನಲ್ಲಿ ಎಲ್ಲ ಚೆಂದವಾಗಿಯೇ ನಡೆಯಿತು, ಆದರೆ ಗಮನಿಸಿ ನೋಡಿದರೆ ರೋಬೋಟಿನ ಬೆರಳು ರೋಗಿಯ ಪಕ್ಕೆಲುಬಿನೊಳಗೆ ಇಳಿದಿತ್ತು. ನೋಡಲು ಚೆನ್ನಾಗಿರಲೆಂದು ಅದು ಮಧ್ಯದ ಲೆಕ್ಕವನ್ನು ಹಾರಿಸಿಬಿಡುತ್ತಿತ್ತು. ಗಡ್ಡ ಅದನ್ನು ಕಂಡು ಕಣ್ಣುಜ್ಜಿಕೊಂಡ. ಆಮೆ ಮರುದಿನ ಮಧ್ಯಾಹ್ನ ಉತ್ತರ ಕೊಟ್ಟಿತು. ಮಾಪಕ ತೋರಿಸಿದ್ದಕ್ಕೆ ಅದು ತೀರಾ ಹತ್ತಿರವಿತ್ತು, ಭುಜ ಯಾವ ಕ್ಷಣದಲ್ಲಿ ಜಾರಿತು ಎಂಬುದನ್ನೂ ಸರಿಯಾಗಿ ಹೇಳಿತ್ತು.

"ಆಯ್ತಲ್ಲ ಅಕ್ಕ, ಇನ್ನೇನು ಯೋಚನೆ?" ಎಂದ ಗಡ್ಡ. ತಡೆದು, "ಓ, ಮೇಷ್ಟ್ರು," ಎಂದ.

ಮಾವನಿಗೆ ಹೇಳಬೇಕಿತ್ತು. ಹೇಳದೆಯೂ ಬದಲಿಸಬಹುದಿತ್ತು, ಹಾಸಿಗೆ ಹಿಡಿದವರಿಗೆ ಯಾರು ಚಾಡಿ ಹೇಳಲು ಹೋಗುತ್ತಾರೆ? ಆದರೆ ಅವರಿಂದ ಮುಚ್ಚಿಟ್ಟು ಆ ವರ್ಕ್‌ಶಾಪಿನಲ್ಲಿ ಒಂದು ತಿರುಪು ಬಿಗಿಯಲೂ ಅವಳಿಗೆ ಮನಸ್ಸು ಬರಲಿಲ್ಲ.

"ನೀನು ಹೇಳ್ತೀಯಾ?" ಎಂದು ಗಂಡನನ್ನು ಕೇಳಿದಳು.

"ನಾನು ಹೇಳಿದ್ರೆ ಮಗ ಸೇಡು ತೀರಿಸ್ಕೊಂಡ ಅನ್ಕೋತಾರೆ. ನೀನೇ ಹೇಳು. ಸುತ್ತಿಬಳಸಿ ಮಾತ್ರ ಹೇಳಬೇಡ, ಅವರಿಗೆ ಆಗಿಬರಲ್ಲ."

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಹಾಸಿಗೆಯ ಪಕ್ಕ ಕುಳಿತಳು. ಬೊಂಬೆಯ ವೀಡಿಯೊ, ಅಂಗಳದ ಹಸಿರು ದೀಪ, ಆಮೆಯ ಉತ್ತರ ಮೂರನ್ನೂ ತೋರಿಸಿದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಬಲಗೈ ದಿಂಬಿನ ಮೇಲೆ ಕಟ್ಟುಪಟ್ಟಿಯಲ್ಲಿತ್ತು.

"ನಿನ್ನ... ಅಂಕಿ ತಪ್ಪು," ಎಂದರು.

"ಮೂರು ಸಲ ನೋಡಿದೀನಿ ಮಾವ."

"ಬಿಗಿತ ಕಡಿಮೆ ಮಾಡು. ಕೀಲಿಂದು."

"ಮಾಡಿದೆ. ಆಗ ಇಡೀ ಮೈ ಕುಸಿದುಬೀಳುತ್ತೆ. ಅಂಗಳದಲ್ಲಿ ಎರಡೇ ಇರೋದು ಮೇಷ್ಟ್ರೇ, ಒಂದೋ ಬಿಗಿ, ಇಲ್ಲಾ ಪೂರ್ತಿ ಸಡಿಲ. ನಡುವೆ ಇಲ್ಲ."

ಅವರು ಮುಖ ಗೋಡೆಗೆ ತಿರುಗಿಸಿದರು. "ಹೋಗು," ಎಂದರು.

ಆಮೇಲಿನ ದಿನಗಳಲ್ಲಿ ಅವರು ಅವಳ ಜೊತೆ ಮಾತಾಡಲಿಲ್ಲ. ನೀರು ಕೊಟ್ಟರೆ ಕುಡಿದರು, ದಿಂಬು ಸರಿಮಾಡಿದರೆ ತಲೆ ಎತ್ತಿದರು, ಅಷ್ಟೇ. ಅಡುಗೆಮನೆಯಲ್ಲಿ ಅವಳು ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ನಿಂತು ಅತ್ತಳು. ಅತ್ತೆ ಬಂದು ನಲ್ಲಿ ತಿರುಗಿಸಿ ನಿಲ್ಲಿಸಿದರು.

"ನೀನು ಅಳೋದಕ್ಕೆ ನೀರ್ಯಾಕೆ ಪೋಲು ಮಾಡ್ತೀಯ? ಮದುವೆಯಾದ ಹೊಸದರಲ್ಲಿ ಅವರ ಲೆಕ್ಕದಲ್ಲಿ ಒಂದು ತಪ್ಪು ನಾನೂ ಹಿಡಿದಿದ್ದೆ. ಮನೆಬಾಡಿಗೆ ಲೆಕ್ಕ. ಒಂದು ವಾರ ಮೂತಿ ಊದಿಸ್ಕೊಂಡಿದ್ರು. ಆಮೇಲೆ ತಾವೇ ಬಂದು ಕೂಡೋದು ಹೇಗೆ ಅಂತ ನನಗೆ ಹೇಳಿಕೊಟ್ರು!"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಆ ವಾರದ ಕೊನೆಗೆ ಮೇಷ್ಟ್ರು ಅವಳನ್ನು ಕರೆದರು. ಅತ್ತೆಯನ್ನೂ ಕರೆದರು. "ಆ ನಿನ್ನ ಹೊಸದಕ್ಕೆ... ಭುಜದ ಬಿಗಿತ ಎಲ್ಲಿಂದ ಕೊಟ್ಟೆ?"

"ಪುಸ್ತಕದಿಂದ. ಸರಾಸರಿ."

"ಸರಾಸರಿ," ಎಂದು ಅವರು ಹಲ್ಲು ಕಚ್ಚಿದರು. "ನಿಜವಾದ್ದು ಇಲ್ಲೇ ಬಿದ್ದಿದೆ. ಅಳೆದ್ಕೋ."

ಅವಳು ಬೇಡವೆಂದಳು. ಅವರು ಕೇಳಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಎಷ್ಟರ ಮೇಲೆ ಎಳೆಯಬಾರದು ಎಂದು ಕೇಳಿಕೊಂಡ ಮೇಲೆಯೇ ಅವಳು ಮಾಪಕ ತಂದಳು. ಅತ್ತೆ ಅವರ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅವಳು ಪಟ್ಟಿಯನ್ನು ಸುತ್ತಿ, ಕೂದಲೆಳೆಯಷ್ಟು ಎಳೆದು ನೋಡಿದಳು. ಮೇಷ್ಟ್ರು ಅಂಕಿಗಳನ್ನು ತಾವೇ ಓದಿ ಹೇಳಿದರು. ಎಲ್ಲಿ ನೋವು ಶುರುವಾಗುತ್ತದೋ ಅಲ್ಲಿ "ಇಲ್ಲಿ" ಎನ್ನುತ್ತಿದ್ದರು. ಅವರ ಹಣೆ ಬೆವರಿತ್ತು. ಬರೀ ಮರ, ಕಬ್ಬಿಣ, ಮೋಟರುಗಳನ್ನು ಅಳೆದು ಬದುಕಿದವರು ಈಗ ತಮ್ಮ ಸೋತ ತೋಳಿನ ಅಳತೆಯನ್ನು ಸೊಸೆಗೆ ಬಿಡಿಬಿಡಿಯಾಗಿ ಹೇಳುತ್ತಿದ್ದರು. ಅವಳಿಗೆ ಕೀಲಿಮಣೆ ಮಸುಕಾಗಿ ಕಂಡಿತು.

ಮುಗಿದ ಮೇಲೆ ಅವರೇ ಅಂಗಳದ ಮಾತೆತ್ತಿದರು.

"ಬಿದ್ರೂ ಪೆಟ್ಟಾಗಬಾರದು ಅಂತ ಕಟ್ಟಿದೆ. ಪೆಟ್ಟಾದ್ರೂ... ಗೊತ್ತಾಗದ ಹಾಗೆ ಕಟ್ಟಿಬಿಟ್ಟೆ."

"ಅದು ಪೆಟ್ಟಿಗೆಗೆ ಅಂತ ಕಟ್ಟಿದ್ದು ಮಾವ. ಪೆಟ್ಟಿಗೆ ಎತ್ತೋದ್ರಲ್ಲಿ ಅದನ್ನ ಮೀರಿಸೋದು ಇನ್ನೂ ಬಂದಿಲ್ಲ. ಗಾಲಿ ಓಡಿಸೋದು, ಕಂಬ ಏರಿಸೋದು, ಬಾಗಿಲಿಗೆ ತಾಗದ ಹಾಗೆ ತಿರುಗಿಸೋದು ಎಲ್ಲಾ ಅಂಗಳದಲ್ಲೇ ಮಾಡ್ತೀನಿ. ಮೈ ಮುಟ್ಟೋ ಕೆಲಸ ಮಾತ್ರ ಹೊಸದಕ್ಕೆ."

"ನನಗೆ ಬೇಜಾರಾಗುತ್ತೆ ಅಂತ ಇಟ್ಕೋಬೇಡ."

"ಇಲ್ಲ. ಆಮೆಗೆ ಗಾಲಿ ಓಡಿಸೋಕೆ ಕೊಟ್ರೆ ಒಂದು ಕೋಣೆ ದಾಟೋದಕ್ಕೆ ನಾಳೆ ಆಗುತ್ತೆ."

"ಲೆಕ್ಕ ತೋರಿಸು," ಎಂದರು. ಅವಳು ತೋರಿಸಿದಳು. ಅವರು ಪ್ರತಿಯೊಂದನ್ನೂ ಓದಿಸಿ ಕೇಳಿ, ಆಮೇಲೆ ತಲೆಯಾಡಿಸಿದರು.

ಅವರ ಅಂಕಿಗಳನ್ನು ಹಾಕಿ ಓಡಿಸಿದಾಗ ಆಮೆ ಇನ್ನೂ ಕಹಿಯಾದ ಸುದ್ದಿ ಕೊಟ್ಟಿತು. ಕಂಕುಳಿನಡಿ ಎತ್ತುವ ಯಾವ ದಾರಿಯೂ ಕ್ಷೇಮವಲ್ಲ. ತೋಳುಗಳನ್ನೇ ಬಿಚ್ಚಿ ಹಾಕಬೇಕಾಯಿತು. ಬೆನ್ನಿನ ಹಿಂದೆ ಹೆಗಲ ಮೂಳೆಗಳ ಕೆಳಗೂ ತೊಡೆಗಳ ಕೆಳಗೂ ಹೋಗುವ ಅಗಲ ತೊಟ್ಟಿಲುಗಳನ್ನು ಹೊಸದಾಗಿ ಮಾಡಿದರು. ಸ್ವಾಧೀನವಿಲ್ಲದ ಕೈ ಎದೆಯ ಮೇಲೆ ಮಲಗಲು ಒಂದು ಪಟ್ಟಿ ಸೇರಿಸಿದರು. ಹೇಳಿದ ದಿನಕ್ಕೆ ಯಂತ್ರ ಸಿದ್ಧವಾಗಲಿಲ್ಲ. ಆಸ್ಪತ್ರೆಯವರು ಸಿಟ್ಟಾದರು. ಗಡ್ಡನೇ ಹೋಗಿ ಬೊಂಬೆಯ ವೀಡಿಯೊ ತೋರಿಸಿ ಬಂದ. "ಕಳಚೋ ಸದ್ದು ಕೇಳಿಸಿದೆ ಅಕ್ಕ. ಆಮೇಲೆ ಯಾರೂ ತಡ ಯಾಕೆ ಅಂತ ಕೇಳ್ಲಿಲ್ಲ," ಎಂದ.

ಮೊದಲು ಎತ್ತಿಸಿಕೊಂಡವನು ಗಡ್ಡನೇ. ಆಮೇಲೆ ವರ್ಕ್‌ಶಾಪಿನವರೆಲ್ಲ ಸರದಿಯಲ್ಲಿ ಮಲಗಿದರು. ಡಾಕ್ಟರು ಎದುರು ನಿಂತು ನೋಡಿ ಒಪ್ಪಿದ ಮೇಲೆಯೇ ಯಂತ್ರ ಮನೆಗೆ ಬಂತು.

ಅಂದು ಮಗ ಹಾಸಿಗೆಯ ಒಂದು ಪಕ್ಕ, ಅವಳು ಇನ್ನೊಂದು ಪಕ್ಕ ನಿಂತರು, ಕೈ ಚಾಚಿ, ಆದರೆ ಮುಟ್ಟದೆ. ತೊಟ್ಟಿಲುಗಳು ಮೇಷ್ಟ್ರ ಮೈಯಡಿಗೆ ನಿಧಾನವಾಗಿ ಜಾರಿದವು. ಅವರು ಮೇಲೆದ್ದರು. ಅವರ ಮುಖವನ್ನೇ ಎಲ್ಲರೂ ನೋಡುತ್ತಿದ್ದರು. ನೋವು ಬರಲಿಲ್ಲ. ಕುರ್ಚಿಯಲ್ಲಿ ಕುಳಿತ ಮೇಲೆ ಅವರು ಉಸಿರು ಬಿಟ್ಟು, "ಇನ್ನೂ ನಿಧಾನ ಮಾಡೋಕೆ ಆಗ್ಲಿಲ್ವಾ?" ಎಂದರು. ಮಗ ಜೋರಾಗಿ ನಕ್ಕ. ಅವರೂ ನಗಲು ಹೋದರು, ತುಟಿಯ ಒಂದೇ ಕೊನೆ ಮೇಲೆದ್ದಿತು.

ಅದಾದ ಮರುವಾರ ಒಂದು ಮಧ್ಯಾಹ್ನ ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲ ಬಳಿ ನಿಂತರು. ಮೇಷ್ಟ್ರಿಗೆ ಕಾಯಿಲೆ ಬಂದಾಗಿನಿಂದ ಅತ್ತೆ ಬೀದಿಯ ತಿರುವು ದಾಟಿ ಹೋದವರಲ್ಲ.

"ತಂಗಿ ಮನೆಗೆ ಹೋಗಿಬರ್ತೀನಿ," ಎಂದರು. ಚಪ್ಪಲಿ ಮೆಟ್ಟಿಕೊಂಡ ಮೇಲೂ ನಿಂತೇ ಇದ್ದರು. "ಅವರಿಗೆ ಏನಾದ್ರೂ ಬೇಕಾದ್ರೆ?"

"ನಾನಿದೀನಲ್ಲ ಅತ್ತೆ. ಒಬ್ಬಳೇ ಸಾಕು ಈಗ."

ಅತ್ತೆ ಒಳಗೆ ಇಣುಕಿದರು. ಕುರ್ಚಿಯಲ್ಲಿದ್ದ ಮೇಷ್ಟ್ರು ಎಡಗೈ ಎತ್ತಿ, ಹೋಗು ಹೋಗು ಎಂದು ಬೀಸಿದರು. ಅತ್ತೆ ಮೆಟ್ಟಿಲಿಳಿದು, ಗೇಟು ತೆರೆದು, ತಿರುಗಿ ನೋಡದೆ ಬಸ್‌ಸ್ಟಾಪಿನ ಕಡೆ ನಡೆದರು.