ಹಸಿರು ಚೌಕಳಿ

ನೊರೆ ಹಲಗೆಯ ಸಂದಿಗೆ ಇಳಿದು ಹೋಗುತ್ತಿದೆ, ಒಂದು ಗುಳ್ಳೆ ಮಾತ್ರ ಒಡೆಯದೆ ಉಳಿದಿದೆ, ಹೆಲ್ಕಾ ಅದನ್ನೇ ನೋಡುತ್ತ ಬ್ರಷ್ಷು ಎಳೆಯುತ್ತಾಳೆ, ಮುಂದಕ್ಕೆ, ಹಿಂದಕ್ಕೆ, ಕೋಟ್ಕಾ ಊರಿನ ಕಡಲಂಚಿನಲ್ಲಿ ಜಮಖಾನ ತೊಳೆಯುವ ಈ ಕಟ್ಟೆಗೆ ಪ್ರತಿ ಜುಲೈನಲ್ಲೂ ಮನೆಯವರೆಲ್ಲ ಬರುತ್ತಾರೆ, ನೀರು ಕುಡಿದು ಹೆಣಭಾರವಾದ ಜಮಖಾನಗಳನ್ನು ಹಿಂಡುವ ಯಂತ್ರಕ್ಕೆ ಎತ್ತಿಕೊಡುತ್ತಿದ್ದವನು ಅವಳ ಗಂಡ ಇಲ್ಪೊ, ಈ ಸಲ ಮೂರೇ ಜನ, ಅವಳು, ಮಗಳು ಸೆನ್ಯಾ, ಅತ್ತೆ ಐಲಾ, ಮೂವರೂ ಆ ಹೆಸರು ಎತ್ತಿಲ್ಲ. ಮಾರ್ಚಿನಲ್ಲಿ ಅಂಗಳದ ಹಿಮ ತೆಗೆಯುತ್ತಿದ್ದವನು ಸಲಿಕೆಗೆ ಒರಗಿದ, ಸುಸ್ತಾಗಿರಬೇಕು ಎಂದುಕೊಂಡು ಅವಳು ಕಾಫಿಗೆ ನೀರಿಟ್ಟಳು, ನೀರು ಕುದಿಯುವಷ್ಟರಲ್ಲಿ ಮುಗಿದಿತ್ತು — ಮಣ್ಣು ಮಾಡಿ ಬಂದ ದಿನ ಐಲಾ ಆಡಿದ್ದು ಒಂದೇ ಮಾತು, ಕಾಫಿ ಎಲ್ರಿಗೂ ಸಾಕಾಯ್ತು. ಏಪ್ರಿಲ್‌ನಲ್ಲಿ ಬಂದವಳು ಬೀರು ಖಾಲಿ ಮಾಡೋಣ ಅಂದಳು, ಮೂರು ಚೀಲ ತುಂಬಿಕೊಂಡು ಹೋದಳು, ಆಮೇಲೆ ನೋಡಿದರೆ ಬಾಗಿಲ ಹಿಂದಿನ ಗೂಟವೂ ಬೋಳು, ಒಲೆ ಹೊತ್ತಿಸುವಾಗ ಅವನು ಹಾಕಿಕೊಳ್ಳುತ್ತಿದ್ದ ಹಸಿರು ಚೌಕಳಿ ಅಂಗಿ ಇಲ್ಲ, ಎಡತೋಳಿನಲ್ಲಿ ಕಿಡಿ ಹಾರಿ ಸುಟ್ಟ ಕಂದು ಚುಕ್ಕೆ, ಮುಖವಿಟ್ಟರೆ ಬರ್ಚ್ ಸೌದೆಯ ಹೊಗೆ, ಹೊಗೆಯ ಅಡಿಯಲ್ಲಿ ಅವನು — ಮಾರನೆಯ ದಿನ ಹೆಲ್ಕಾ ಅಂಗಡಿ ಪಕ್ಕದ ಹಳೆಬಟ್ಟೆ ದಾನದ ಪೆಟ್ಟಿಗೆಯ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತಿದ್ದಳು, ಏನಮ್ಮಾ ಬೀಗದ ಕೈ ಬಿತ್ತಾ, ಯಾರೋ ಕೇಳಿದರು, ಹೂಂ ಅಂದಳು. ಅತ್ತೆಯನ್ನೇ ಕೇಳಬಹುದಿತ್ತು. ಕೇಳಿದರೆ ಯಾರ ಅಂಗಿ ಎಂದು ಹೇಳಬೇಕಾಗುತ್ತದಲ್ಲ, ಹಾಗಾಗಿ ಪ್ರತಿ ಭಾನುವಾರ ಅತ್ತೆಯ ಮೇಜಿನಲ್ಲಿ ಕೂತು ಕಾಫಿಯ ಜೊತೆ ಸಿಟ್ಟನ್ನೂ ನುಂಗಿದ್ದಾಳೆ, ಹೆತ್ತವಳೇ ಹೀಗೆ ಚೀಲಕ್ಕೆ ತುಂಬಿ ಎಸೆದು ಬಂದಳಲ್ಲ.

ಏನು ಐಲಾ, ಇಡೀ ಊರಿನ ಸೋಪು ನೀನೇ ಖಾಲಿ ಮಾಡ್ತೀಯಾ, ಕಟ್ಟೆಯ ಮೇಲೆ ಪಕ್ಕದ ತೊಳೆಯುವ ಮೇಜಿನಿಂದ ಮುದುಕ ತೈಸ್ತೊ ಕೂಗುತ್ತಾನೆ, ನಿನ್ನ ಜಮಖಾನಕ್ಕೆ ಸೋಪು ಸಾಲಲ್ಲ ತೈಸ್ತೊ, ಗುದ್ದಲಿ ತಗೊಂಡ್ಬಾ, ಅನ್ನುತ್ತಾಳೆ ಐಲಾ, ನಗದೆ, ನಾಲ್ಕನೆಯದನ್ನು ಬಿಚ್ಚಿ ಹಾಸುತ್ತಾಳೆ, ಯಾರೂ ತುಳಿಯದ ಜಮಖಾನ, ಅಜ್ಜಿ ಇದು ಹೊಸದಲ್ವಾ, ಯಾಕೆ ತೊಳೀಬೇಕು, ಸೆನ್ಯಾಗೆ ಎಂಟು ವರ್ಷ, ಕೇಳುವುದನ್ನು ಇನ್ನೂ ಬಿಟ್ಟಿಲ್ಲ, ಬಣ್ಣ ಬಿಡುತ್ತಾ ನೋಡ್ಬೇಡ್ವೇನೇ, ಅನ್ನುತ್ತಾಳೆ ಅಜ್ಜಿ. ಮಂಡಿನೋವಿನವಳು ಏಪ್ರಿಲ್‌ನಿಂದ ವಾರಕ್ಕೆ ಮೂರು ದಿನ ನೇಯ್ಗೆಮನೆಗೆ ಹೋಗಿದ್ದು ಇದಕ್ಕೇ ಇರಬೇಕು, ಹಳೆಬಟ್ಟೆ ಕತ್ತರಿಸಿ ನೇಯ್ದ ಪಟ್ಟಿಗಳು, ಬೂದು, ಬಿಳಿ, ಬೂದು, ಹೆಲ್ಕಾ ಉಜ್ಜುತ್ತಾಳೆ, ಒಂದು ಕಡೆ ಕೊಳೆ ಬಿಡುತ್ತಿಲ್ಲ, ಅದರ ಮೇಲೇ ಬ್ರಷ್ಷು ಒತ್ತಿ ಒತ್ತಿ, ಸಿಟ್ಟೆಲ್ಲ ಅಲ್ಲೇ, ಸೆನ್ಯಾ ಬಕೆಟ್ಟು ನೀರು ಸುರಿಯುತ್ತಾಳೆ, ನೊರೆ ಸರಿಯುತ್ತದೆ, ಬೂದು, ಬಿಳಿ, ಹಸಿರು — ಹಸಿರಿನಲ್ಲಿ ಚೌಕಳಿ, ಚೌಕಳಿಯಲ್ಲಿ ಕಂದು ಚುಕ್ಕೆ. ಅದನ್ನ ಉಜ್ಬೇಡ, ಹೋಗಲ್ಲ ಅದು, ಐಲಾ ಕಡಲ ಕಡೆ ನೋಡುತ್ತ ಹೇಳುತ್ತಾಳೆ, ಕತ್ತರಿಸೋವಾಗ ಬೇಕಂತ್ಲೇ ಉಳಿಸ್ಕೊಂಡೆ, ನಿಮ್ಮನೆ ಒಲೆ ಮುಂದೆ ಹಾಕ್ಕೋ, ಮೊದ್ಲು ಮೂರು ಸಲ ಒಗೆದೆ, ಹೊಗೆ ಅಂದ್ರೆ ಹೊಗೆ ವಾಸನೆ. ಮೂರು ಸಲ. ಹೆಲ್ಕಾ ನೇಯ್ಗೆ ನೋಡುವವಳಂತೆ ಬಗ್ಗಿ ಮೂಗು ತಾಗಿಸುತ್ತಾಳೆ, ಸಾಬೂನು, ಬರೀ ಸಾಬೂನು, ಯಾಕೆ ಒಗೆದಿರಿ ಎಂಬ ಮಾತು ಹಲ್ಲಿನವರೆಗೆ ಬರುತ್ತದೆ, ಅತ್ತೆಯ ಹೆಬ್ಬೆರಳು ಕಾಣುತ್ತದೆ, ಕತ್ತರಿ ಹಿಡಿದು ಹಿಡಿದು ಬಿದ್ದ ಒರಟು ಗಂಟು, ಆ ಬೆರಳೇ ಈ ಪಟ್ಟಿಯನ್ನು ಒಂದೊಂದಾಗಿ ಕೂರಿಸಿದ್ದು. ನೇಯ್ಗೆ ಗಟ್ಟಿಯಾಗಿದೆ, ಅನ್ನುತ್ತಾಳೆ ಹೆಲ್ಕಾ. ಗಟ್ಟಿಯಾಗೇ ಬಡಿದಿದೀನಿ. ಎತ್ತೋಣ್ವಾ. ಹೂಂ. ಆ ತುದಿ ಐಲಾ, ಈ ತುದಿ ಅವಳು, ನಡುವೆ ಜೋತುಬಿದ್ದ ಭಾರ, ಇಷ್ಟು ಭಾರವನ್ನು ಅವನೊಬ್ಬನೇ ಎತ್ತುತ್ತಿದ್ದ, ಹಿಂಡುವ ಯಂತ್ರದ ಉರುಳೆಗಳ ಬಾಯಿಗೆ ತುದಿ ಕೊಟ್ಟು ಹೆಲ್ಕಾ ಹಿಡಿ ತಿರುಗಿಸುತ್ತಾಳೆ, ನೀರು ಧಾರೆಯಾಗಿ ಇಳಿಯುತ್ತದೆ, ಬೂದು ಹೋಗುತ್ತದೆ, ಬಿಳಿ ಹೋಗುತ್ತದೆ, ಹಸಿರು ಬರುತ್ತದೆ, ಕಂದು ಚುಕ್ಕೆ ಉರುಳೆಯ ಅಂಚಿಗೆ ಬಂದಾಗ ಅವಳ ಕೈ ನಿಲ್ಲುತ್ತದೆ, ತಿರುಗಿಸು ಎಂದು ಐಲಾ ಹೇಳುವುದಿಲ್ಲ, ಹಸಿರು, ಚುಕ್ಕೆ, ಹಸಿರು.