ಐದನೆಯ ಅಳತೆ

"ಬಾಗಿ ಹೆಸರು ತಗದುಬಿಡ್ರಿ ಡಾಕ್ಟರಬಾಯಿ. ಇನ್ನ ಆಕಿ ಕಾಲು ಅಳೆಯೂದು ಬ್ಯಾಡ."

ಶಾಲೆಯ ಬಸ್ಸಿನಲ್ಲಿ ಮಕ್ಕಳ ನಡುವೆ ಇಕ್ಕಟ್ಟಾಗಿ ಕುಳಿತು ವಿಠ್ಠಲವಾಡಿಯಿಂದ ಬರುವಾಗ ಚಂದ್ರಬಾಯಿ ಈ ಮಾತನ್ನು ಹತ್ತು ಸಲವಾದರೂ ಮನಸ್ಸಿನಲ್ಲೇ ಆಡಿಕೊಂಡಿದ್ದಳು. ಆಡಿ ಮುಗಿಸಿದ ಮೇಲೆ ಏನು ಮಾಡಬೇಕೆಂದು ಮಾತ್ರ ಯೋಚಿಸಿರಲಿಲ್ಲ. ಈಗ ಸೆರಗಿನ ತುದಿ ಹಿಡಿದು ಬಾಗಿಲಲ್ಲೇ ನಿಂತಳು.

ನವಿ ಮುಂಬಯಿಯ ಆ ಕಾಲೇಜು ಆಸ್ಪತ್ರೆಯಲ್ಲಿ ಡಾಕ್ಟರ್ ಜ್ಯೋತ್ಸ್ನಾ ಎರಡು ವರ್ಷಗಳಿಂದ ನಲವತ್ತು ಹುಡುಗಿಯರ ಹಿಮ್ಮಡಿಯ ಹಿಂದಿನ ನರವನ್ನು ಅಳೆಯುತ್ತಿದ್ದಳು. ಮಕ್ಕಳು ಬೆಳೆದ ಹಾಗೆ ಅದು ಎಷ್ಟು ದಪ್ಪವಾಗುತ್ತದೆ, ಎಷ್ಟು ಬಿಗಿಯಾಗುತ್ತದೆ ಎಂಬುದು ಅವಳ ಸಂಶೋಧನೆ. ಆರು ತಿಂಗಳಿಗೊಮ್ಮೆ ಬಸ್ಸು ಮಾಡಿ ಮಕ್ಕಳನ್ನು ಕರೆಸುತ್ತಿದ್ದಳು. ಫಾರಮಿನಲ್ಲಿ ಟೆಂಡನ್ ಎಂದು ಬರೆದಿತ್ತು. ಚಂದ್ರಬಾಯಿಗೆ ಅದು ನರವೇ. ಮೊದಲ ದಿನ ಶಾಲೆಯಲ್ಲಿ ಆ ಫಾರಮು ಹಿಡಿದು ತಬ್ಬಿಬ್ಬಾಗಿ ಕುಳಿತಿದ್ದಾಗ, ಬಿಳಿ ಕೋಟಿನ ಈ ಡಾಕ್ಟರ್ ಹುಡುಗಿಯೇ ಹತ್ತಿರ ಬಂದು, "ನೀವು ಕನ್ನಡದವರಾ ಅಕ್ಕ? ನಮ್ಮದು ಉಡುಪಿ ಕಡೆ. ಡೊಂಬಿವಲಿಯಲ್ಲಿ ಇರೋದು," ಎಂದಿದ್ದಳು. ಆ ಒಂದು ಮಾತಿಗೆ ಚಂದ್ರಬಾಯಿ ಗಂಡನನ್ನೂ ಕೇಳದೆ ಸಹಿ ಹಾಕಿದ್ದಳು.

ಈಗ ಆ ಸಹಿಯೇ ಅವಳನ್ನು ಚುಚ್ಚುತ್ತಿತ್ತು. ಎರಡು ತಿಂಗಳಿಂದ ಮಗಳು ಬಾಗಿ ಮುಂಜಾನೆ ಎದ್ದವಳು ನಳದ ತನಕ ತುದಿಗಾಲಿನಲ್ಲೇ ಹೋಗುತ್ತಿದ್ದಳು. ಹಿಮ್ಮಡಿ ಊರಿದರೆ ಮುಖ ಕಿವುಚುತ್ತಿದ್ದಳು. ಪಕ್ಕದ ಖೋಲಿಯ ಮರಗಮ್ಮ ನೋಡಿ, "ಮಷೀನ ಹಚ್ಚಿ ಹಚ್ಚಿ ನರದಾಗಿನ ಕಸುವು ಎಳಕೊಂಡಾರ ನೋಡು," ಎಂದಳು. ಶಹಾಡದಲ್ಲಿ ಲೋಡಿಂಗ್ ಕೆಲಸ ಮಾಡುವ ಗಂಡ ಸೈದಪ್ಪ ಜಗಳವಾಡುವವನಲ್ಲ. ಊಟದ ತಾಟಿನ ಮೇಲಿಂದ ತಲೆ ಎತ್ತದೆ, "ಸಹಿ ಹಾಕಿದಾಕಿ ನೀನು. ನೀನೇ ಹೋಗಿ ಬಿಡಿಸ್ಕೊಂಡ ಬಾ," ಎಂದಿದ್ದ, ಅಷ್ಟೇ.

"ಸರಿ ಅಕ್ಕ, ತೆಗೀತೇನೆ," ಎಂದಳು ಜ್ಯೋತ್ಸ್ನಾ. "ಯಾವಾಗ ಬೇಡ ಅಂದ್ರೂ ಬಿಡಬಹುದು ಅಂತ ಫಾರಮಿನಲ್ಲೇ ಉಂಟು. ಆದ್ರೆ ಯಾಕೆ ಅಂತ ಹೇಳಿ."

ಚಂದ್ರಬಾಯಿ ಹೇಳಿದಳು. ಮರಗಮ್ಮನ ಹೆಸರು ಮಾತ್ರ ಹೇಳಲಿಲ್ಲ.

"ಆಯಿ ಕುಛ್ ಭೀ ಬೋಲ್ತೀ ಹೈ," ಅವ್ವ ಬಾಯಿಗೆ ಬಂದದ್ದು ಹೇಳುತ್ತಾಳೆಂದು ಪಕ್ಕದಲ್ಲಿದ್ದ ಬಾಗಿ ಗೊಣಗಿದಳು. ಹನ್ನೆರಡರ ಹುಡುಗಿ, ಅವ್ವನ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಅವಳ ಚಿಂತೆ ಬೇರೆ. ಮುಂದಿನ ಭಾನುವಾರ ಠಾಣೆ ಶಹರದಲ್ಲಿ ಖೋ ಖೋ ಜಿಲ್ಲಾ ತಂಡದ ಆಯ್ಕೆ ಇತ್ತು. ನೋವಿನ ಸುದ್ದಿ ಆಟ ಕಲಿಸುವ ಮನೀಶ್ ಸರ್ ಕಿವಿಗೆ ಬೀಳಬಾರದು ಎಂದು ಇಷ್ಟು ದಿನ ಹಲ್ಲು ಕಚ್ಚಿ ಓಡಿದ್ದಳು.

ಜ್ಯೋತ್ಸ್ನಾ ಪಕ್ಕದಲ್ಲಿದ್ದ ಸ್ಕ್ಯಾನಿಂಗ್ ಯಂತ್ರವನ್ನು ಮುಟ್ಟಲಿಲ್ಲ. ಹುಡುಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ನರವನ್ನು ಮೇಲಿಂದ ಕೆಳಗೆ ಒತ್ತುತ್ತ ಬಂದಳು. ಬಾಗಿ ಸುಮ್ಮನಿದ್ದಳು. ಹಿಮ್ಮಡಿಯ ಎರಡೂ ಬದಿ ಹಿಡಿದು ಒತ್ತಿದಾಗ ಮಾತ್ರ ಉಸಿರೆಳೆದುಕೊಂಡು ಕಾಲನ್ನು ಹಿಂದಕ್ಕೆ ಸೆಳೆದಳು.

"ನೋಡಿ, ನೋವು ನರದಲ್ಲಿ ಇಲ್ಲ. ನರ ಬಂದು ಅಂಟಿಕೊಳ್ಳುವ ಎಲುಬಿನಲ್ಲಿ. ಅಲ್ಲಿ ಎಲುಬು ಇನ್ನೂ ಎಳೆಯದು." ಹಳೆಯ ನಾಲ್ಕು ಅಳತೆಗಳ ಹಾಳೆಯನ್ನು ತೆಗೆದು ಚಂದ್ರಬಾಯಿಯ ಮುಂದೆ ಇಟ್ಟಳು. "ಒಂದೇ ವರ್ಷದಲ್ಲಿ ಎಂಟು ಸೆಂಟಿಮೀಟರ್ ಎತ್ತರ ಆಗಿದ್ದಾಳೆ ನಿಮ್ಮ ಮಗಳು. ಎಲುಬು ಬೇಗ ಬೇಗ ಉದ್ದ ಆಯ್ತು. ನರಕ್ಕೆ ಹೊಂದಿಕೊಳ್ಳಲಿಕ್ಕೆ ಸ್ವಲ್ಪ ಸಮಯ ಬೇಕು. ಅಲ್ಲಿವರೆಗೆ ಅದು ಹಿಮ್ಮಡಿಯನ್ನು ಎಳೀತಾ ಇರ್ತದೆ. ಅದರ ಮೇಲೆ ಇವಳು ದಿನಾ ಓಡೋದು."

ಚಂದ್ರಬಾಯಿ ಹಾಳೆಯನ್ನು ನೋಡಿದಳು. ಅಂಕಿಗಳಿಗಿಂತ ಹಗ್ಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಕೂಲಿ ಮಾಡುವ ಮಾಜಿವಾಡಾದ ಕಟ್ಟಡದಲ್ಲಿ ರಾಟೆಗೆ ಹಗ್ಗ ಹಾಕಿ ಉಸುಕು ಎಳೆಯುವುದನ್ನು ದಿನವೂ ನೋಡುತ್ತಿದ್ದಳು.

"ಹೊಸಾ ಹಗ್ಗ ಮೊದಲ ಭಾಳ ಬಿಗಿ ಇರ್ತದರಿ. ಒಂದು ತಿಂಗಳು ಭಾರ ಎಳದಮ್ಯಾಲ ಹದಕ್ಕ ಬರ್ತದ. ಹಂಗೇನ್ರಿ?"

"ಹಾಗೇ ಅಕ್ಕ. ಆದ್ರೆ ಇದು ಬೆಳೆಯುವ ಹಗ್ಗ."

ಚಂದ್ರಬಾಯಿ ಯಂತ್ರದ ಕಡೆ ನೋಡಿದಳು. ಆಮೇಲೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಮೊದಲ ನನಗ ಹಚ್ಚರಿ. ಏನರ ಆಗೂದಿದ್ರ ನನಗಾಗ್ಲಿ."

ಜ್ಯೋತ್ಸ್ನಾ ನಗಲಿಲ್ಲ. ಬೆಂಚಿನ ಮೇಲೆ ಹೊಸ ಹಾಳೆ ಹಾಸಿದಳು. ಅಷ್ಟರಲ್ಲಿ ಚಂದ್ರಬಾಯಿಗೆ ತನ್ನ ಕಾಲು ಕಣ್ಣಿಗೆ ಬಿತ್ತು. ಒಡೆದ ಹಿಮ್ಮಡಿಯ ಸೀಳುಗಳಲ್ಲಿ ಸಿಮೆಂಟು ಕೂತು ಬೆಳ್ಳಗಾಗಿತ್ತು. "ಒಂದು ಮಿನಿಟ ತಡೀರಿ," ಎಂದವಳೇ ಹೊರಗೆ ಹೋಗಿ ನಳದ ಕೆಳಗೆ ತಿಕ್ಕಿ ತಿಕ್ಕಿ ತೊಳೆದು ಬಂದಳು. ಸಿಮೆಂಟು ಹೋಗಲಿಲ್ಲ. ಹಾಗೇ ಬೋರಲು ಮಲಗಿದಳು.

ಜೆಲ್ಲು ತಣ್ಣಗಿತ್ತು. ಯಂತ್ರದ ಮೂತಿ ಹಿಮ್ಮಡಿಯ ಮೇಲೆ ಹಗುರಾಗಿ ಓಡಾಡಿತು. ಸುಡಲಿಲ್ಲ, ಎಳೆಯಲಿಲ್ಲ. ಜ್ಯೋತ್ಸ್ನಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಕಪ್ಪಿನ ನಡುವೆ ಬೆಳ್ಳನೆಯ ಒಂದು ಪಟ್ಟಿ. ಜೋಳದ ದಂಟು ಸುಲಿದರೆ ಕಾಣುವಂಥ ಎಳೆಗಳು ಒಂದರ ಪಕ್ಕ ಒಂದು ನೆಟ್ಟಗೆ ಸಾಲುಗಟ್ಟಿದ್ದವು.

"ಇದು ನಿಮ್ಮದು. ಆರು ಮಿಲಿಮೀಟರಿಗೂ ಸ್ವಲ್ಪ ಹೆಚ್ಚೇ ಉಂಟು. ಇಲ್ಲಿ ನೋವು ಬರ್ತದಾ?"

"ಸಂಜೀಕ ಬರ್ತದರಿ. ಮುಂಜಾನಿ ಮತ್ತ ಇರಂಗಿಲ್ಲ."

"ಒಳ್ಳೆ ಗಟ್ಟಿ ನರ ಅಕ್ಕ. ಎಷ್ಟು ವರ್ಷ ಆಯ್ತು ಭಾರ ಹೊರ್ಲಿಕ್ಕೆ ಶುರು ಮಾಡಿ?"

"ಬಾಗಿಗಿಂತ ಮೂರು ವರ್ಷ ಹೆಚ್ಚ."

"ಭಾರ ಬಿದ್ದಲ್ಲಿ ದೇಹ ಇನ್ನಷ್ಟು ಕಟ್ಟಿಕೊಳ್ತದೆ. ನೀವು ಹೊತ್ತದ್ದೆಲ್ಲ ಇಲ್ಲಿ ಸೇರಿರಬೇಕು."

ಚಂದ್ರಬಾಯಿ ಹದಿನೈದು ವರ್ಷದಲ್ಲಿ ಎಷ್ಟೋ ಮಾಳಿಗೆಗಳಿಗೆ ತಲೆಯ ಮೇಲೆ ಉಸುಕು ತುಂಬಿದ ಘಮೇಲಾ ಹೊತ್ತು ಹತ್ತಿದ್ದಳು. ಟೈಲ್ಸ್ ಕೂರಿಸಿ ಬಣ್ಣ ಹಚ್ಚಿದ ಮೇಲೆ ಆ ಕಟ್ಟಡಗಳ ಗೇಟಿನೊಳಗೆ ವಾಚ್‌ಮನ್ ಬಿಡುತ್ತಿರಲಿಲ್ಲ. "ಇನ್ನೊಮ್ಮೆ ತೋರಸ್ರಿ," ಎಂದಳು. ಈ ಸಲ ಬಾಗಿಯೂ ಬಗ್ಗಿ ನೋಡಿದಳು, ತಾಯಿಯ ಭುಜದ ಮೇಲೆ ಗದ್ದ ಊರಿ.

ಆಮೇಲೆ ಬಾಗಿಯ ಐದನೆಯ ಅಳತೆ ಆಯಿತು. ನಾಲ್ಕೂವರೆ ಮಿಲಿಮೀಟರು. ಚಂದ್ರಬಾಯಿ ಆ ಅಂಕಿಯನ್ನು ಮತ್ತೊಮ್ಮೆ ಹೇಳಿಸಿಕೊಂಡು ನೆನಪಿಟ್ಟುಕೊಂಡಳು.

ಆದರೆ ಬಾಗಿ ಇನ್ನು ಆರು ವಾರ ಓಡುವಂತಿರಲಿಲ್ಲ. ಚಪ್ಪಲಿಯಲ್ಲಿ ಮೆತ್ತನೆಯ ತುಂಡು, ಸಂಜೆ ಹಿಮ್ಮಡಿಗೆ ಬರ್ಫದ ಗಡ್ಡೆ, ಗೋಡೆಗೆ ಕೈಯಿಟ್ಟು ಮೀನಖಂಡ ಎಳೆಯುವ ವ್ಯಾಯಾಮ. ಬಾಗಿ ಜ್ಯೋತ್ಸ್ನಾಳ ಮುಂದೆ ತಲೆಯಾಡಿಸಿದವಳು ಬಸ್ಸಿನಲ್ಲಿ ಅವ್ವನ ಪಕ್ಕ ಕೂರಲಿಲ್ಲ. ಭಾನುವಾರ ಅವಳ ಗೆಳತಿಯರು ಠಾಣೆಗೆ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದವಳು ಮಧ್ಯಾಹ್ನದ ರೊಟ್ಟಿಯನ್ನೂ ಮುಟ್ಟಲಿಲ್ಲ. ಚಂದ್ರಬಾಯಿ ರಮಿಸಲಿಲ್ಲ. ಸಂಜೆ ತಾನೇ ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಕ್ಕೆ ಚಾಚಿ ನಿಂತಳು. ಸೀರೆ ಅಡ್ಡ ಬಂತು, ತಪ್ಪು ಕಾಲು ಮಡಚಿತು.

"ಐಸೆ ನಹೀ," ಎಂದಳು ಬಾಗಿ ಮಲಗಿದಲ್ಲಿಂದಲೇ. ತುಸು ಹೊತ್ತು ನೋಡಿ ತಡೆಯಲಾಗದೆ ಎದ್ದು ಬಂದು ಅವ್ವನ ಮೊಣಕಾಲನ್ನು ನೆಟ್ಟಗೆ ಮಾಡಿಸಿದಳು. ಬಾಗಿಲಲ್ಲಿ ಶರ್ಟು ಬಿಚ್ಚುತ್ತಿದ್ದ ಸೈದಪ್ಪ, "ಇದೇನ ಗೋಡಿ ನೂಕಾಕ ಹತ್ತೀರೇನು ಇಬ್ಬರೂ?" ಎಂದು ಕೇಳಿದ. ಅವನನ್ನೂ ಗೋಡೆಗೆ ಕೈಕೊಟ್ಟು ನಿಲ್ಲಿಸಿದರು.

ಜುಲೈ ಮುಗಿಯುವ ಹೊತ್ತಿಗೆ ಬಾಗಿ ಹಿಮ್ಮಡಿ ಊರಿ ನಡೆಯುತ್ತಿದ್ದಳು. ದೀಪಾವಳಿಗೆ ಮೊದಲೇ ಮೈದಾನಕ್ಕೆ ಮರಳಿದಳು. ಡಿಸೆಂಬರಿನಲ್ಲಿ ಮತ್ತೆ ಆಯ್ಕೆ ನಡೆದಾಗ ಮನೀಶ್ ಸರ್ ಓದಿದ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು, ಕೊನೆಯದು, ಅವಳದು. ಚಂದ್ರಬಾಯಿ ಅಂದು ಕೆಲಸಕ್ಕೆ ರಜೆ ಹಾಕಿ ಮೈದಾನದ ಅಂಚಿನಲ್ಲಿ ಕುಳಿತಿದ್ದಳು. ಹೆಸರು ಕೇಳಿದ ಮೇಲೂ ಎದ್ದು ನಿಲ್ಲದೆ, ತಂದಿದ್ದ ಶೇಂಗಾವನ್ನು ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ ಕೊಟ್ಟಳು.

ಸಂಜೆ ಠಾಣೆ ಸ್ಟೇಶನ್ನಿನಲ್ಲಿ ಅಂಬರನಾಥ ಲೋಕಲ್ಲಿಗೆ ಕಾಲಿಡಲು ಜಾಗವಿರಲಿಲ್ಲ. ಗಾಡಿ ಇನ್ನೂ ನಿಲ್ಲುತ್ತಿದ್ದಂತೆಯೇ ಬಾಗಿ ಜನರ ನಡುವೆ ನುಸುಳಿ ಮಾಯವಾದಳು. ಚಂದ್ರಬಾಯಿ ಎಲ್ಲರಿಗಿಂತ ಹಿಂದೆ, ತಳ್ಳಿಸಿಕೊಳ್ಳುತ್ತ ಹೆಂಗಸರ ಡಬ್ಬಿ ಹತ್ತಿದಳು. ಕಂಬಿ ಹಿಡಿಯಲು ಕೈಯೆತ್ತಿದಾಗ ಒಳಗಿನಿಂದ "ಅವ್ವಾ, ಇಲ್ಲಿ ಬಾ," ಎಂಬ ಕೂಗು ಕೇಳಿತು. ಕಿಟಕಿಯ ಪಕ್ಕದ ಸೀಟಿನ ಮೇಲೆ ಬಾಗಿ ತನ್ನ ಚೀಲವಿಟ್ಟು ಎರಡೂ ಕೈಯಿಂದ ಅದುಮಿ ಹಿಡಿದು ನಿಂತಿದ್ದಳು. ಚಂದ್ರಬಾಯಿ ಹೋಗಿ ಕುಳಿತಳು. ಮುಂಬ್ರಾ ದಾಟುವಾಗ ಖಾಡಿಯ ಉಪ್ಪುನೀರಿನ ಗಾಳಿ ಬಂತು, ಅವಳು ಕಿಟಕಿಯನ್ನು ಇನ್ನಷ್ಟು ಮೇಲಕ್ಕೆ ಸರಿಸಿದಳು.